ಹಬ್ಬ ಮುಗಿದ ಮೇಲಿನ ಮುಸುರೆ

(ಕಾರ್ಕಳ ಅತ್ತೂರಿನ ಸಂತ ಲಾರೆನ್ಸರ ವಾರ್ಷಿಕ ಹಬ್ಬದ ಸಂದರ್ಭದಲ್ಲಿ ನೀಡಿದ ಪ್ರಬೋಧನೆ)



ಮೇಣದ ಬತ್ತಿ ಹಿಡಿದು ಉದ್ದದ ಸಾಲಿನಲ್ಲಿ ನಿಂತು ನಾವು ಇಲ್ಲಿಗೆ ಬಂದಿದ್ದೇವೆ. ಕೆಲವರು ಹರಕೆ ತೀರಿಸಲು, ಕೆಲವರು ಕಾಯಿಲೆಯ ಕಷ್ಟ ಹೇಳಿಕೊಳ್ಳಲು, ಕೆಲವರು ಕೃತಜ್ಞತೆ ಸಲ್ಲಿಸಲು ಬಂದಿದ್ದೇವೆ. ನಮ್ಮ ಜೊತೆಯಲ್ಲಿ ಬೇರೆ ಬೇರೆ ಧರ್ಮದ ನೆರೆಹೊರೆಯವರೂ ಬಂದಿದ್ದಾರೆ. ಸಾಂತ್‌ಮಾರಿ ಎಂದರೆ ಕಾರ್ಕಳಕ್ಕೆಲ್ಲ ಹಬ್ಬ.

ಇಂದು ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸೋಣ. ನಾವೆಲ್ಲ ಇಲ್ಲಿದ್ದೇವೆ. ಮಧ್ಯಾಹ್ನ ನೆಂಟರೊಂದಿಗೆ ಕುಳಿತು ಊಟ ಮಾಡಿ ಬಂದಿದ್ದೇವೆ. ಆ ಊಟದ ಪಾತ್ರೆಗಳನ್ನು ಈಗ ಮನೆಯಲ್ಲಿ ತೊಳೆಯುತ್ತಿರುವವರು ಯಾರು?

ನಗಬೇಡಿ. ಒಂದು ಗಳಿಗೆ ಯೋಚಿಸಿ. ಪ್ರತಿಯೊಬ್ಬರ ಮನಸ್ಸಿಗೂ ಒಂದು ಮುಖ ಬಂದೇ ಬರುತ್ತದೆ.

ಬಹಳ ವರ್ಷಗಳ ಹಿಂದೆ ಇದೇ ಹಬ್ಬದ ಸಮಯದಲ್ಲಿ ನಾವು ಒಂದು ಮನೆಗೆ ಊಟಕ್ಕೆ ಹೋಗಿದ್ದೆವು. ನಾವು ಹೊಸದಾಗಿ ಗುರುಗಳಾಗಿದ್ದ ಕಾಲ. ಮೂವತ್ತಕ್ಕೂ ಹೆಚ್ಚು ಜನ ನೆಂಟರು. ಸನ್ನಾ, ಹಂದಿ ಮಾಂಸ, ಕೋಳಿ ಸಾರು, ಪಾಯಸ. ಊಟ ಮುಗಿದ ಮೇಲೆ ಗಂಡಸರು ಚಾವಡಿಯಲ್ಲಿ ಕುಳಿತು ಮಾತಿಗೆ ತೊಡಗಿದರು. ಹೊರಡುವ ಮುಂಚೆ ಮನೆಯ ಹಿರಿಯ ಅಮ್ಮನಿಗೆ ವಂದನೆ ಹೇಳಬೇಕೆಂದು ಹುಡುಕಿದೆವು. ಆಕೆ ಹಿತ್ತಿಲಿನಲ್ಲಿ ಬಾವಿಯ ಹತ್ತಿರ ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಸುತ್ತಲೂ ತಪ್ಪಲೆ, ಬಾಣಲೆ, ಸೌಟು, ಬಟ್ಟಲುಗಳ ರಾಶಿ. ಕೈಯಲ್ಲಿ ತೆಂಗಿನ ನಾರು, ಪಕ್ಕದಲ್ಲಿ ಗೆರಟೆಯ ತುಂಬ ಬೂದಿ.

"ಫಾದರ್, ಈಚೆ ಬರಬೇಡಿ, ಕೆಸರುಂಟು. ನಿಮ್ಮ ಬಿಳಿ ಬಟ್ಟೆ ಹಾಳಾಗುತ್ತದೆ" ಎಂದರು.

"ಅಮ್ಮಾ, ಅತ್ತೂರಿಗೆ ಹೋಗಿ ಬಂದಿರಾ?" ಎಂದು ಕೇಳಿದೆವು.

"ಎಲ್ಲಿ ಫಾದರ್? ಬೆಳಿಗ್ಗೆ ಅಡುಗೆ, ಮಧ್ಯಾಹ್ನ ನೆಂಟರು, ಈಗ ಇದು. ಆದರೆ ದೊಡ್ಡ ಗಂಟೆ ಇಲ್ಲಿಗೆ ಕೇಳುತ್ತದೆ. ಕೇಳಿದಾಗ ಶಿಲುಬೆಯ ಗುರುತು ಮಾಡಿಕೊಳ್ಳುತ್ತೇನೆ. ಸಂತ ಲಾರೆನ್ಸರಿಗೆ ಗೊತ್ತಾಗದೇ ಇರುತ್ತದಾ?" ಎಂದರು. ಹಣೆಯ ಮೇಲೆ ಬೂದಿ ಮೆತ್ತಿತ್ತು.

ಅವರ ಭಕ್ತಿಯನ್ನು ನಾವು ಬಹಳ ಮೆಚ್ಚಿಕೊಂಡೆವು. ಒಂದು ಆಶೀರ್ವಾದ ಕೊಟ್ಟೆವು. ಒಳಗೆ ಬಂದು ಅವರ ಮಗ ಕೊಟ್ಟ ಕಾಫಿ ಕುಡಿದು ಹೊರಟೆವು. ಅರ್ಧ ದಾರಿ ಬಂದ ಮೇಲೆ ಹೊಳೆಯಿತು: ನಾವು ಕುಡಿದಿಟ್ಟ ಆ ಕಾಫಿ ಲೋಟವೂ ಅದೇ ಕಲ್ಲಿನ ಮೇಲಕ್ಕೆ ಹೋಗುತ್ತದೆ. ಚಾವಡಿಯಲ್ಲಿದ್ದ ಹದಿನೈದು ಗಂಡಸರಲ್ಲಿ ಯಾರಾದರೂ ಎದ್ದು ಕೈಜೋಡಿಸಿದ್ದರೆ, ಆ ಅಮ್ಮ ಸಂಜೆಯ ಪೂಜೆಗೆ ಬರಬಹುದಿತ್ತು. ನಾವು ಒಂದು ಮಾತು ಹೇಳಿದ್ದರೂ ಸಾಕಿತ್ತು. ಹೇಳಲಿಲ್ಲ. ಅವರು ಈಗ ದೇವರ ಬಳಿ ಇದ್ದಾರೆ. ಪ್ರತಿ ವರ್ಷ ಈ ಹಬ್ಬ ಬಂದಾಗ ಆ ಬೂದಿ ಮೆತ್ತಿದ ಹಣೆ ನಮ್ಮ ಕಣ್ಣೆದುರು ಬರುತ್ತದೆ.

ಪ್ರಿಯರೇ, ಇಂದು ನಾವು ಯಾರ ಹಬ್ಬ ಆಚರಿಸುತ್ತಿದ್ದೇವೆ? ಸಂತ ಲಾರೆನ್ಸರು ಜಗದ್ಗುರು ಆಗಿರಲಿಲ್ಲ, ಧರ್ಮಾಧ್ಯಕ್ಷರೂ ಆಗಿರಲಿಲ್ಲ. ಅವರು ರೋಮಾಪುರಿಯ ಡೀಕನ್ ಆಗಿದ್ದರು. ಡೀಕನ್ ಎಂಬ ಮಾತಿನ ಮೂಲ ಅರ್ಥವೇ ಸೇವಕ, ಊಟದ ಮೇಜಿನ ಬಳಿ ನಿಂತು ಬಡಿಸುವವನು. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಜೆರುಸಲೇಮಿನಲ್ಲಿ ದಿನನಿತ್ಯದ ಹಂಚಿಕೆಯಲ್ಲಿ ಕೆಲವು ವಿಧವೆಯರಿಗೆ ಅನ್ಯಾಯವಾಗುತ್ತಿದೆ ಎಂಬ ದೂರು ಬಂದಾಗ, ಪ್ರೇಷಿತರು ಏಳು ಜನರನ್ನು ಆರಿಸಲು ಹೇಳಿದರು. ಎಂಥವರನ್ನು? ಬೇರೆ ಕೆಲಸ ಇಲ್ಲದವರನ್ನಲ್ಲ. ಪವಿತ್ರಾತ್ಮರಿಂದಲೂ ಜ್ಞಾನದಿಂದಲೂ ತುಂಬಿದವರನ್ನು. ಆ ಏಳು ಮಂದಿಯೂ ಗಂಡಸರು. ಊಟದ ಮೇಜಿನ ಕೆಲಸ ಗಂಡಸರಿಗೆ ತಕ್ಕದ್ದಲ್ಲ ಎಂದು ಹೇಳುವವರು ಈ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು.

ಕ್ರಿಸ್ತಶಕ 258ರಲ್ಲಿ ಚಕ್ರವರ್ತಿ ವಲೇರಿಯನನ ಹಿಂಸೆಯ ಕಾಲದಲ್ಲಿ, ಆಗಸ್ಟ್ 6ರಂದು ಜಗದ್ಗುರು ಎರಡನೇ ಸಿಕ್ಸ್ತುಸರು ಹುತಾತ್ಮರಾದರು. ನಾಲ್ಕು ದಿನಗಳ ನಂತರ, ಆಗಸ್ಟ್ 10ರಂದು, ಅವರ ಡೀಕನ್ ಲಾರೆನ್ಸರ ಸರದಿ. ಧರ್ಮಸಭೆಯ ಸಂಪತ್ತನ್ನು ತಂದೊಪ್ಪಿಸು ಎಂದಾಗ ಅವರು ಬಡವರನ್ನು, ಕುಂಟರನ್ನು, ಕುರುಡರನ್ನು ಕರೆತಂದು ಇವರೇ ನಮ್ಮ ಸಂಪತ್ತು ಎಂದು ತೋರಿಸಿದರು ಎಂದು ಪರಂಪರೆ ಹೇಳುತ್ತದೆ. ಕಬ್ಬಿಣದ ಸಲಾಕೆಗಳ ಮೇಲೆ ಬೆಂಕಿಯಲ್ಲಿ ಅವರನ್ನು ಸುಟ್ಟರು ಎಂಬ ಪರಂಪರೆಯಿಂದಾಗಿ ಅಡುಗೆಯವರು ಅವರನ್ನು ತಮ್ಮ ಪಾಲಕ ಸಂತರೆಂದು ಗೌರವಿಸುತ್ತಾರೆ. ಅಂದರೆ ಅತ್ತೂರಿನ ನಮ್ಮ ಸಂತರು ಅಡುಗೆ ಕೋಣೆಗೆ ಹತ್ತಿರದವರು.

ಇನ್ನೊಂದು ಪರಂಪರೆ ಉಂಟು. ಹಿಂಸೆಯ ಆ ದಿನಗಳಲ್ಲಿ ಲಾರೆನ್ಸರು ಯೇಸುಸ್ವಾಮಿ ಕಡೆಯ ಭೋಜನದಲ್ಲಿ ಬಳಸಿದ ಪಾನಪಾತ್ರೆಯನ್ನು ಕಾಪಾಡಿ ಸ್ಪೇನಿಗೆ ಕಳುಹಿಸಿದರೆಂದೂ, ವಲೆನ್ಸಿಯಾದ ಪ್ರಧಾನಾಲಯದಲ್ಲಿರುವುದು ಅದೇ ಪಾತ್ರೆಯೆಂದೂ ಅಲ್ಲಿನ ಜನ ನಂಬುತ್ತಾರೆ. ಪಾತ್ರೆಯನ್ನು ಜೋಪಾನ ಮಾಡುವುದು ಡೀಕನರ ಕೆಲಸವೇ ಆಗಿತ್ತು. ಇಂದಿಗೂ ಹಾಗೆಯೇ. ಬಲಿಪೂಜೆಯಲ್ಲಿ ಪರಮಪ್ರಸಾದ ಹಂಚಿದ ನಂತರ ಏನು ನಡೆಯುತ್ತದೆ? ಗುರುಗಳೋ ಡೀಕನರೋ ಪಾನಪಾತ್ರೆಗೆ ನೀರು ಹಾಕಿ, ತೊಳೆದು, ಆ ನೀರನ್ನು ಕುಡಿದು, ಬಿಳಿಯ ವಸ್ತ್ರದಿಂದ ಒರೆಸಿ ಇಡುತ್ತಾರೆ. ನೀವೆಲ್ಲ ಆಗ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿರುತ್ತೀರಿ, ಗಾಯನ ಮಂಡಳಿ ಹಾಡುತ್ತಿರುತ್ತದೆ. ಆದರೆ ಗಮನಿಸಿ: ಬಲಿಪೂಜೆಯಲ್ಲೂ ಪಾತ್ರೆ ತೊಳೆಯುವುದುಂಟು. ಬಲಿಪೀಠದಲ್ಲಿ ಗೌರವದ ಕೆಲಸವಾದದ್ದು ಮನೆಯ ಹಿತ್ತಿಲಿನಲ್ಲಿ ಅವಮಾನದ ಕೆಲಸವಾಗುವುದು ಹೇಗೆ?

ನಮ್ಮ ಭಾಷೆ ಈ ವಿಷಯದಲ್ಲಿ ನಮಗಿಂತ ಜಾಣೆ. ದೀಪವನ್ನೂ ಬೆಳಗುತ್ತೇವೆ, ಪಾತ್ರೆಯನ್ನೂ ಬೆಳಗುತ್ತೇವೆ. ಎರಡಕ್ಕೂ ಒಂದೇ ಮಾತು. ದೀಪ ಬೆಳಗಲು ಗಣ್ಯರನ್ನು ವೇದಿಕೆಗೆ ಕರೆಯುತ್ತೇವೆ. ಪಾತ್ರೆ ಬೆಳಗಲು ಯಾರನ್ನೂ ಕರೆಯುವುದಿಲ್ಲ, ಯಾರೋ ಮಾಡಿರುತ್ತಾರೆ.

ಹಿಂದೆ ನಮ್ಮ ಊರಿನ ಮನೆಗಳಲ್ಲಿ ಪಾತ್ರೆ ಬೆಳಗುವುದಕ್ಕೆ ಅಂಗಡಿಯಿಂದ ತರುವ ವಸ್ತು ಒಂದೂ ಇರಲಿಲ್ಲ. ಒಲೆಯ ಬೂದಿ, ತೆಂಗಿನ ನಾರು, ಹುಣಸೆಹುಳಿ, ಬಾವಿಯ ನೀರು. ಹಿರಿಯರಿಗೆ ರಸಾಯನ ಶಾಸ್ತ್ರ ಗೊತ್ತಿರಲಿಲ್ಲ, ಆದರೆ ಅವರ ಕೈಗೆ ಗೊತ್ತಿತ್ತು. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರ ಇದೆ. ನೀರಿನೊಡನೆ ಸೇರಿದಾಗ ಅದು ಪಾತ್ರೆಯ ಜಿಡ್ಡನ್ನೇ ಸ್ವಲ್ಪ ಮಟ್ಟಿಗೆ ಸಾಬೂನಾಗಿ ಮಾರ್ಪಡಿಸುತ್ತದೆ. ಹುಣಸೆಹುಳಿಯಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರ, ಹಿತ್ತಾಳೆಗಳ ಮೇಲಿನ ಕಿಲುಬನ್ನು ಕರಗಿಸುತ್ತದೆ. ಇಂದಿನ ಸಾಬೂನು ಬಿಲ್ಲೆಯ ಕೆಲಸವೂ ಇದಕ್ಕೆ ಹತ್ತಿರದ್ದೇ. ಅದರ ಕಣದ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಒಟ್ಟಿಗೆ ಸೇರದ ಎರಡನ್ನು ನಡುವೆ ನಿಂತು ಸೇರಿಸುತ್ತದೆ, ಕೊನೆಗೆ ನೀರಿನೊಂದಿಗೆ ತಾನೂ ಹರಿದು ಹೋಗುತ್ತದೆ. ಬೂದಿಯ ಕಥೆ ಇನ್ನೂ ದೊಡ್ಡದು. ಉರಿದು ಮುಗಿದದ್ದು, ಯಾರಿಗೂ ಬೇಡವಾದದ್ದು, ಅದೇ ಮತ್ತೊಂದನ್ನು ಬೆಳಗುತ್ತದೆ. ಬೆಂಕಿಯಲ್ಲಿ ಬೆಂದ ಲಾರೆನ್ಸರು ಹದಿನೇಳು ಶತಮಾನಗಳ ಮೇಲೂ ನಮ್ಮನ್ನು ಬೆಳಗುತ್ತಿಲ್ಲವೇ?

ಸಂತ ಮತ್ತಾಯರ ಶುಭಸಂದೇಶದ 23ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಫರಿಸಾಯರಿಗೆ ಲೋಟದ ಉದಾಹರಣೆ ಕೊಡುತ್ತಾರೆ. ಹೊರಭಾಗವನ್ನು ತಿಕ್ಕಿ ಒಳಗಿನ ಕೊಳೆಯನ್ನು ಹಾಗೆಯೇ ಬಿಡುವವರನ್ನು ಗದರಿಸಿ, ಮೊದಲು ಒಳಭಾಗ ಶುಚಿಯಾಗಲಿ ಎನ್ನುತ್ತಾರೆ. ಪಾತ್ರೆ ತೊಳೆದು ಅಭ್ಯಾಸ ಇದ್ದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಹಾಲು ಕಾಯಿಸಿದ ಪಾತ್ರೆ ಹೊರಗೆ ಫಳಫಳ ಹೊಳೆದರೂ ಒಳಗಿನ ಅಂಚಿನಲ್ಲಿ ಸ್ವಲ್ಪ ಕೆನೆ ಉಳಿದರೆ ಸಾಕು, ಮರುದಿನದ ಹಾಲು ಒಡೆಯುತ್ತದೆ. ಹಬ್ಬಕ್ಕೆ ಮನೆಗೆ ಸುಣ್ಣ ಬಣ್ಣ ಬಳಿದು, ಹೊಸ ಬಟ್ಟೆ ತೊಟ್ಟು, ಮನೆಯೊಳಗಿನ ಒಬ್ಬಳ ಬೆನ್ನು ನೋವನ್ನು ನೋಡದೆ ಇದ್ದರೆ ನಮ್ಮ ಹಬ್ಬ ಹೊರಗೆ ಮಾತ್ರ ತಿಕ್ಕಿದ ಲೋಟ.

ಇದು ಒಂದೆರಡು ಮನೆಗಳ ಮಾತಲ್ಲ. 2019ರಲ್ಲಿ ಭಾರತ ಸರಕಾರ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ಒಂದು ದಿನ ಕೈಹಾಕಿದವರು ಹೆಂಗಸರಲ್ಲಿ ನೂರಕ್ಕೆ 81 ಮಂದಿ, ಗಂಡಸರಲ್ಲಿ ನೂರಕ್ಕೆ 26 ಮಂದಿ. ಕೈಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಐದು ಗಂಟೆ, ದುಡಿದರೆ ಗಂಡಸರು ದುಡಿದದ್ದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರ ದುಡಿಮೆ 289 ನಿಮಿಷಕ್ಕೆ ಇಳಿದಿದೆ. ಆ ಹತ್ತು ನಿಮಿಷವನ್ನು ಗಂಡಸರು ವಹಿಸಿಕೊಂಡರು ಎಂದು ಸಂತೋಷಪಡುವಂತಿಲ್ಲ, ಅವರದೂ 88ಕ್ಕೆ ಇಳಿದಿದೆ!

ಇಲ್ಲಿ ಕೆಲವರು ಮಾರ್ತಾ ಮತ್ತು ಮರಿಯಳ ಪ್ರಸಂಗವನ್ನು ನೆನಪಿಸಬಹುದು. ಯೇಸುಸ್ವಾಮಿಯ ಪಾದದ ಬಳಿ ಕುಳಿತ ಮರಿಯಳೇ ಉತ್ತಮ ಭಾಗ ಆರಿಸಿಕೊಂಡಳಲ್ಲವೇ ಎಂದು ಕೇಳಬಹುದು. ನಿಜ. ಯೇಸುಸ್ವಾಮಿ ಮಾರ್ತಳ ಕೆಲಸವನ್ನು ಹಳಿಯಲಿಲ್ಲ, ಅವಳ ಕಳವಳವನ್ನು ತಿದ್ದಿದರು. ಆದರೆ ನಾವು ಇಷ್ಟು ಕೇಳಬೇಕು: ನಮ್ಮ ಮನೆಯ ಮಾರ್ತಾ ಒಮ್ಮೆಯಾದರೂ ಪಾದದ ಬಳಿ ಕುಳಿತುಕೊಳ್ಳಬೇಕಾದರೆ ಮುಸುರೆಯನ್ನು ಯಾರು ಎತ್ತಬೇಕು? ಪ್ರಾರ್ಥನೆಗೆ ಬಾ ಎಂದು ಹೆಂಡತಿಯನ್ನು ಗದರುವ ಗಂಡ ಮೊದಲು ತನ್ನ ಬಟ್ಟಲನ್ನು ತೊಳೆದಿಡಲಿ. ಜಪಸರ ಹತ್ತು ನಿಮಿಷ ಮುಂಚೆ ಆರಂಭವಾಗುತ್ತದೆ.

ಹದಿಮೂರನೇ ಶತಮಾನದ ಸಂತ ಬೊನವೆಂಚರರ ಬಗ್ಗೆ ಒಂದು ಸುಂದರ ಕಥೆ ಉಂಟು. ಅವರು ಪ್ಯಾರಿಸಿನ ದೊಡ್ಡ ಪಂಡಿತರು, ಫ್ರಾನ್ಸಿಸ್ಕನ್ ಸಭೆಯ ಮುಖ್ಯಸ್ಥರು. 1273ರಲ್ಲಿ ಜಗದ್ಗುರುಗಳು ಅವರನ್ನು ಕಾರ್ಡಿನಲ್ ಆಗಿ ನೇಮಿಸಿ, ಕಾರ್ಡಿನಲರ ಟೋಪಿಯನ್ನು ದೂತರ ಕೈಯಲ್ಲಿ ಕಳುಹಿಸಿದರು. ದೂತರು ಬಂದಾಗ ಬೊನವೆಂಚರರು ಮಠದಲ್ಲಿ ಪಾತ್ರೆ ತೊಳೆಯುತ್ತಿದ್ದರಂತೆ. ಟೋಪಿಯನ್ನು ಆ ಮರದ ಕೊಂಬೆಗೆ ತೂಗುಹಾಕಿ, ಈ ಕೆಲಸ ಮುಗಿಸಿ ಬರುತ್ತೇನೆ ಎಂದರಂತೆ. ಅರ್ಧ ತೊಳೆದ ಪಾತ್ರೆಯನ್ನು ಬಿಟ್ಟು ಹೋದರೆ ಇನ್ನೊಬ್ಬ ಸಹೋದರ ಅದನ್ನು ತೊಳೆಯಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಲಾರೆನ್ಸ್ ಎಂಬ ಹೆಸರಿನ ಇನ್ನೊಬ್ಬರನ್ನೂ ಇಂದು ನೆನೆಯಬೇಕು. ಅವರು ಸಂತಪಟ್ಟ ಪಡೆದವರಲ್ಲ. 1614ರಲ್ಲಿ ಫ್ರಾನ್ಸಿನ ಲೊರೇನ್ ಪ್ರಾಂತದಲ್ಲಿ ಹುಟ್ಟಿ, ಸೈನಿಕರಾಗಿ ಗಾಯಗೊಂಡು, ಆಮೇಲೆ ಪ್ಯಾರಿಸಿನ ಕಾರ್ಮೆಲ್ ಮಠ ಸೇರಿದ ಬ್ರದರ್ ಲಾರೆನ್ಸ್. ಅವರಿಗೆ ಸಿಕ್ಕಿದ್ದು ಅಡುಗೆ ಕೋಣೆಯ ಕೆಲಸ. ಅವರಿಗೆ ಆ ಕೆಲಸ ಸ್ವಭಾವತಃ ಇಷ್ಟವಿರಲಿಲ್ಲ. ಇದನ್ನು ಕೇಳಿ ನಮಗೆ ಧೈರ್ಯ ಬರಬೇಕು. ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸಾನ್ನಿಧ್ಯವನ್ನು ಅನುಭವಿಸಲು ಅವರು ಕಲಿತರು. ಬಲಿಪೀಠದ ಮುಂದೆ ಮೊಣಕಾಲೂರಿದಾಗ ಸಿಗುವ ಶಾಂತಿಯೇ ಅಲ್ಲಿಯೂ ಸಿಕ್ಕಿತು. 1691ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಮಾತು, ಪತ್ರಗಳನ್ನು ಸೇರಿಸಿದ ಚಿಕ್ಕ ಪುಸ್ತಕವನ್ನು ಲೋಕದ ಅನೇಕ ಭಾಷೆಗಳ ಜನ ಓದುತ್ತಿದ್ದಾರೆ. ಆದರೆ ಎಚ್ಚರಿಕೆ! ಬ್ರದರ್ ಲಾರೆನ್ಸರ ಈ ಮಾತನ್ನು ಹೇಳಿ ಎಲ್ಲ ಪಾತ್ರೆಗಳನ್ನೂ ಅಮ್ಮನ ಮುಂದೆ ರಾಶಿ ಹಾಕಬಾರದು. ಅವರು ಇನ್ನೊಬ್ಬರಿಗೆ ಉಪದೇಶ ಮಾಡಲಿಲ್ಲ, ತಾವೇ ತೊಳೆದರು.

ಈಗ ನೀರಿನ ಮಾತು. ಅತ್ತೂರಿಗೂ ನೀರಿಗೂ ಹಳೆಯ ಸಂಬಂಧ. ಇಲ್ಲಿ 1759ರಷ್ಟು ಹಿಂದೆಯೇ ದೇವಾಲಯ ಇತ್ತು, 1784ರಲ್ಲಿ ಟಿಪ್ಪುವಿನ ಕಾಲದ ಸೆರೆಯಲ್ಲಿ ನಮ್ಮ ಪೂರ್ವಜರು ಎಲ್ಲವನ್ನೂ ಕಳೆದುಕೊಂಡರು. ಆಮೇಲೆ ಹಿಂದಿರುಗಿ ಬಂದವರು ಸಂತ ಲಾರೆನ್ಸರ ಚಿಕ್ಕ ಪ್ರತಿಮೆಯನ್ನು ಹೊತ್ತು ಜಾಗ ಹುಡುಕುತ್ತಾ, ಪರ್ಪಲೆ ಗುಡ್ಡದ ತಪ್ಪಲಿನಲ್ಲಿ ಬುಗ್ಗೆಯ ನೀರು ಕಂಡು ಬಾಯಾರಿಕೆ ತೀರಿಸಿಕೊಳ್ಳಲು ಪ್ರತಿಮೆಯನ್ನು ನೆಲಕ್ಕಿಟ್ಟರಂತೆ. ಮತ್ತೆ ಎತ್ತಲು ಆಗಲಿಲ್ಲ, ಇಲ್ಲಿಯೇ ದೇವಾಲಯ ಕಟ್ಟುತ್ತೇವೆ ಎಂದು ಹರಕೆ ಹೊತ್ತರು ಎಂದು ಹಿರಿಯರು ಹೇಳುತ್ತಾರೆ. ಇಂದು ಯಾತ್ರಿಕರು ಪುಷ್ಕರಿಣಿಯ ನೀರನ್ನು ಭಕ್ತಿಯಿಂದ ಒಯ್ಯುತ್ತಾರೆ. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯವಾಯಿತು, 2016ರಲ್ಲಿ ಈ ದೇವಾಲಯ ಬಸಿಲಿಕದ ಗೌರವ ಪಡೆಯಿತು. ಇದೆಲ್ಲದರ ಮೊದಲಲ್ಲಿ ಒಂದು ಬುಗ್ಗೆ ಇದೆ.

ಅಂಥ ನೀರನ್ನು ಮನೆಯಲ್ಲಿ ನಾವು ಹೇಗೆ ಬಳಸುತ್ತೇವೆ? ಮಳೆಗಾಲದಲ್ಲಿ ನಮ್ಮ ಅಂಗಳವೆಲ್ಲ ಹೊಳೆ. ಏಪ್ರಿಲ್, ಮೇ ಬಂದರೆ ಬಾವಿಯ ತಳ ಕಾಣುತ್ತದೆ, ಹಗ್ಗಕ್ಕೆ ಹಗ್ಗ ಕಟ್ಟಬೇಕಾಗುತ್ತದೆ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ಯುರೋಪಿನ ಬೇರೆ ಬೇರೆ ದೇಶಗಳ ಜನರಿಂದ 12 ಮಂದಿಯ ಊಟದ ಪಾತ್ರೆ ತೊಳೆಸಿ ನೋಡಿದಾಗ, ಕೈಯಲ್ಲಿ ತೊಳೆದವರು ಸರಾಸರಿ 100 ಲೀಟರಿನಷ್ಟು ನೀರು ಖರ್ಚು ಮಾಡಿದರು, ಯಂತ್ರಕ್ಕೆ 15 ಲೀಟರು ಸಾಕಾಯಿತು. ನಳ್ಳಿ ಬಿಟ್ಟುಕೊಂಡು ತೊಳೆಯುವುದರ ಫಲ ಇದು. ಬಾವಿಯಿಂದ ನೀರು ಸೇದಿ ತಂದ ನಮ್ಮ ಅಜ್ಜಿಯಂದಿರು ಹಾಗೆ ಮಾಡುತ್ತಿರಲಿಲ್ಲ. ಉಳಿದ ಅನ್ನ, ಗಂಜಿ ತಿಳಿ ಕಲಗಚ್ಚಿನ ಬಾನಿಗೆ, ಅದು ಹಸುವಿಗೆ. ಒಂದು ಪಾತ್ರೆಯ ನೀರಿನಲ್ಲಿ ತಿಕ್ಕುವುದು, ಇನ್ನೊಂದರಲ್ಲಿ ಅದ್ದಿ ತೆಗೆಯುವುದು. ಮೊದಲು ಲೋಟ, ಆಮೇಲೆ ಬಟ್ಟಲು, ಕೊನೆಗೆ ಜಿಡ್ಡಿನ ಬಾಣಲೆ. ಅಡಿ ಹಿಡಿದ ತಪ್ಪಲೆಯನ್ನು ಗುದ್ದಾಡಿ ಕೆರೆಯದೆ ಬಿಸಿನೀರಿನಲ್ಲಿ ನೆನೆಹಾಕಿ ಬಿಡುವುದು. ಕೊನೆಯ ನೀರು ಬಾಳೆಯ ಬುಡಕ್ಕೆ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಸೃಷ್ಟಿಯ ಪಾಲನೆಯ ಕುರಿತು ಬರೆದ ವಿಶ್ವಪತ್ರದಲ್ಲಿ ನೀರನ್ನು ಮಿತವಾಗಿ ಬಳಸುವುದು, ತಿನ್ನುವಷ್ಟೇ ಬೇಯಿಸುವುದು ಮುಂತಾದ ಸಣ್ಣ ದಿನಚರಿಗಳನ್ನು ಉದಾತ್ತವೆಂದೇ ಕರೆದರು. ನಮ್ಮ ಅಜ್ಜಿಯಂದಿರು ಅದನ್ನು ಓದದೆಯೇ ಪಾಲಿಸಿದ್ದರು.

ಹಾಗಾದರೆ ಯಂತ್ರ ತರುವುದು ತಪ್ಪೇ? ಖಂಡಿತ ಅಲ್ಲ. 1886ರಲ್ಲಿ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದವರು ಅಮೆರಿಕದ ಜೋಸೆಫೀನ್ ಕೊಕ್ರೇನ್ ಎಂಬ ಮಹಿಳೆ. ಗಂಟು ನೋವಿರುವ ಅಮ್ಮನಿಗೆ, ಗಲ್ಫಿನಲ್ಲಿರುವ ಮಗ ಅಂಥದ್ದೊಂದನ್ನು ಕಳುಹಿಸಿದರೆ ದೇವರಿಗೆ ಸ್ತೋತ್ರ. ಆದರೆ ಅದರೊಳಗೆ ಪಾತ್ರೆ ಜೋಡಿಸಲೂ ತೆಗೆದಿಡಲೂ ಕೈ ಬೇಕು. ಆ ಕೈ ಮತ್ತೆ ಅವಳದ್ದೇ ಆದರೆ ಯಂತ್ರ ಬಂದೂ ಮನೆ ಬದಲಾಗಲಿಲ್ಲ.

ಪ್ರಿಯರೇ, ಕೊನೆಯದಾಗಿ ಒಂದು ಕಹಿ ಮಾತು ಹೇಳಲೇಬೇಕು. ನಮ್ಮಲ್ಲಿ ಹಲವರ ಮನೆಗೆ ಪಾತ್ರೆ ತೊಳೆಯಲು ಒಬ್ಬ ಹೆಂಗಸು ಬರುತ್ತಾಳೆ. ಮನೆಯ ಬಟ್ಟಲು, ಲೋಟಗಳನ್ನೆಲ್ಲ ಬೆಳಗುವುದು ಅವಳೇ. ಕೆಲಸ ಮುಗಿದ ಮೇಲೆ ಅವಳಿಗೆ ಚಹಾ ಕೊಡುತ್ತೇವೆ. ಯಾವ ಲೋಟದಲ್ಲಿ? ಕೆಲವು ಮನೆಗಳಲ್ಲಿ ಅವಳದೇ ಒಂದು ಬೇರೆ ಲೋಟ, ಹಿತ್ತಿಲ ಗೋಡೆಯ ಮೇಲೆ ಕವಚಿ ಇಟ್ಟಿರುತ್ತದೆ. ನಮ್ಮೆಲ್ಲರ ಎಂಜಲನ್ನು ಮುಟ್ಟಿ ತೊಳೆದ ಕೈಗೆ, ತಾನೇ ಬೆಳಗಿದ ಲೋಟದಲ್ಲಿ ಕುಡಿಯುವ ಯೋಗ್ಯತೆ ಇಲ್ಲವೇ? ಬಡವರನ್ನು ತೋರಿಸಿ ಇವರೇ ಧರ್ಮಸಭೆಯ ಸಂಪತ್ತು ಎಂದ ಲಾರೆನ್ಸರಿಗೆ ನಾವು ಮೇಣದ ಬತ್ತಿ ಹಚ್ಚಿ ಬಂದಿದ್ದೇವೆ. ಆ ಸಂತರು ನಮ್ಮ ಮನೆಯ ಹಿತ್ತಿಲಿಗೆ ಬಂದರೆ ಮೊದಲು ನೋಡುವುದು ಆ ಲೋಟವನ್ನು. ಮನೆಗೆ ಹೋದ ಕೂಡಲೇ ಅದನ್ನು ಒಳಗೆ ತಂದು ಉಳಿದ ಲೋಟಗಳ ಸಾಲಿನಲ್ಲಿ ಇಡಿ. ಈ ಹಬ್ಬದ ಹರಕೆ ಅದೇ ಆಗಲಿ.

ಯೇಸುಸ್ವಾಮಿ ಕಡೆಯ ಭೋಜನದ ರಾತ್ರಿ ಮೇಜಿನಿಂದ ಎದ್ದರು. ಸೊಂಟಕ್ಕೆ ವಸ್ತ್ರ ಸುತ್ತಿಕೊಂಡರು, ಬೋಗುಣಿಗೆ ನೀರು ಸುರಿದರು, ಶಿಷ್ಯರ ಪಾದ ತೊಳೆದರು. ಊಟದ ನಡುವೆ ಎದ್ದು ತೊಳೆಯಲು ನಿಂತ ಆ ಗುರುವನ್ನು ಕಂಡು ಪೇತ್ರರು ಬೇಡ ಬೇಡ ಎಂದರು. ನಾಳೆ ಊಟದ ನಂತರ ಅಪ್ಪ ಎದ್ದು ಸೊಂಟಕ್ಕೆ ಒಂದು ಬೈರಾಸು ಕಟ್ಟಿಕೊಂಡರೆ ಅಮ್ಮನೂ ಬೇಡ ಬೇಡ ಎನ್ನಬಹುದು. ಆಗ ಅಪ್ಪ ಹಿಂದೆ ಸರಿಯಬಾರದು. ಯೇಸುಸ್ವಾಮಿ ಸರಿಯಲಿಲ್ಲ.

ಮೂರು ಸಣ್ಣ ನಿರ್ಧಾರಗಳೊಂದಿಗೆ ಮನೆಗೆ ಹೋಗೋಣ. ತಾನು ಉಂಡ ಬಟ್ಟಲನ್ನು ಮಗ, ಮಗಳು, ಅಪ್ಪ, ಮನೆಗೆ ಬಂದ ಫಾದರ್, ಎಲ್ಲರೂ ತಾವೇ ತೊಳೆಯಲಿ. ಹಬ್ಬದ ದಿನದ ದೊಡ್ಡ ಪಾತ್ರೆಗಳಿಗೆ ಗಂಡಸರು ಸೊಂಟ ಕಟ್ಟಲಿ, ಅಂದಿನ ಸಂಜೆಯ ಪೂಜೆಗೆ ಮನೆಯ ಹೆಂಗಸರು ಮೊದಲು ಹೊರಡಲಿ. ಕೆಲಸಕ್ಕೆ ಬರುವವರಿಗೆ ನಮ್ಮ ಲೋಟದಲ್ಲೇ ಚಹಾ, ಹಬ್ಬದ ದಿನ ನಮ್ಮ ಮೇಜಿನಲ್ಲೇ ಊಟ ಸಿಗಲಿ.

ಸಂತ ಲಾರೆನ್ಸರೇ, ಬಡವರಿಗೆ ಬಡಿಸಿದವರೇ, ಪವಿತ್ರ ಪಾತ್ರೆಯನ್ನು ಕಾಪಾಡಿದವರೇ, ಹಿತ್ತಿಲಿನಲ್ಲಿ ಕುಳಿತು ನಿಮ್ಮ ಗಂಟೆಯನ್ನು ಕೇಳುವ ಎಲ್ಲ ಅಮ್ಮಂದಿರಿಗಾಗಿ ಪ್ರಾರ್ಥಿಸಿರಿ. ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವ ಮನಸ್ಸನ್ನು ನಮಗೆ ದೇವರಿಂದ ಬೇಡಿ ಕೊಡಿರಿ.

ಆಮೆನ್.